ನಲವತ್ತಮೂರು ಮನೆಗಳ ಪುಸ್ತಕ

ಹೋದ ವಾರ ಸ್ಯಾನ್ ಹೊಸೆಯ ಇಂಡಿಯನ್ ಗ್ರೋಸರಿಯಲ್ಲಿ ಈರುಳ್ಳಿ ಆರಿಸುತ್ತಾ ನಿಂತಿದ್ದೆ. ಹೊರಗೆ ಜೋರು ಮಳೆ. ಟ್ರಕ್ಕಿನಿಂದ ಇಳಿಸಿದ ರಟ್ಟಿನ ಪೆಟ್ಟಿಗೆಗಳು ನೆನೆದು ಮೆತ್ತಗಾಗಿ ಬಾಗಿಲ ಬಳಿಯೇ ಕೂತಿದ್ದವು. ಒದ್ದೆ ರಟ್ಟು, ಅದರ ಜೊತೆಗೆ ಕೊಳೆಯಲು ಶುರುವಾದ ಈರುಳ್ಳಿ. ಆ ಎರಡೂ ಬೆರೆತ ವಾಸನೆ ಮೂಗಿಗೆ ಬಿದ್ದದ್ದೇ ತಡ, ನನ್ನ ಕೈ ತಾನಾಗಿಯೇ ಹೆಗಲ ಚೀಲದೊಳಗೆ ಹೋಗಿ ಒಂದು ಪುಸ್ತಕಕ್ಕಾಗಿ ತಡಕಾಡಿತು. ಪುಸ್ತಕ ಇರಲಿಲ್ಲ. ಅದು ಇಲ್ಲವಾಗಿ ವರ್ಷ ಕಳೆದಿದೆ. ಆದರೂ ಈರುಳ್ಳಿಯನ್ನು ಅಲ್ಲೇ ಬಿಟ್ಟು, ಕಾರಿಗೆ ಬಂದು, ಬಾಗಿಲು ಲಾಕ್ ಮಾಡಿಕೊಂಡು ಕೂತೆ.

ನಾನು ಪುಕ್ಕಲು ಹೆಂಗಸು. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಫ್ರೀವೇಯಲ್ಲಿ ಪಕ್ಕದ ಲೇನಿಗೆ ಹೋಗಬೇಕಾದರೆ ಎರಡು ಎಕ್ಸಿಟ್ಟಿನಷ್ಟು ದೂರ ಯೋಚಿಸುವವಳು. ಇಮಿಗ್ರೇಷನ್ನಿನವರ ಕಾಗದ ಬಂದರೆ ಲಕೋಟೆಯನ್ನು ದೇವರ ಮುಂದಿಟ್ಟು, ಸಂಜೆ ಗಂಡ ಬಂದ ಮೇಲೆ ಅವರ ಕೈಯಲ್ಲೇ ಒಡೆಸುವವಳು. ಇಂಥವಳು ಒಂದು ಚಳಿಗಾಲದಲ್ಲಿ ನಲವತ್ತಮೂರು ಮನೆಯವರ ನಿದ್ದೆ ಕೆಡಿಸಿದೆ. ಯಾರದನ್ನೂ ಕೆಡಿಸಬೇಕೆಂದು ಮಾಡಿದ್ದಲ್ಲ. ಗಣಪತಿ ಮಾಡಲು ಹೋಗಿ ಅವರಪ್ಪನನ್ನು ಮಾಡಿದೆ, ಅಷ್ಟೇ.

ನಾವಿರುವುದು ಸ್ಯಾನ್ ಹೊಸೆಗೆ ಅಂಟಿಕೊಂಡ ಒಂದು ಸಣ್ಣ ಊರಿನಲ್ಲಿ. ಊರಿನ ಹೆಸರು ಹೇಳುವುದಿಲ್ಲ. ಇಲ್ಲಿ ಬರುವ ಯಾರ ಹೆಸರೂ ನಿಜವಲ್ಲ, ನನ್ನ ಗಂಡನದೂ ಸೇರಿ. ಆ ವರ್ಷ ನಾನು ಕೆಲಸವಿಲ್ಲದೆ ಮನೆಯಲ್ಲಿದ್ದೆ. ಅದಕ್ಕೆ ಮುಂಚೆ ಒಂದು ಡೇಕೇರಿನಲ್ಲಿ ಮಕ್ಕಳನ್ನು ನೋಡಿಕೊಳ್ಳುತ್ತಿದ್ದೆ. ವರ್ಕ್ ಪರ್ಮಿಟ್ಟಿನ ಹೊಸ ಕಾರ್ಡು ಸಮಯಕ್ಕೆ ಬರಲಿಲ್ಲ, ಬರುವತನಕ ಬರಬೇಡಿ ಎಂದರು. ಗಂಡ ಪ್ರಕಾಶ್ ಬೆಳಗ್ಗೆ ಆರೂವರೆಗೆ ಸ್ಯಾನ್ ಮಟಿಯೋದ ಆಫೀಸಿಗೆ ಹೊರಡುತ್ತಿದ್ದರು. ಮಗಳು ಅನಘಾ ಹೈಸ್ಕೂಲಿನ ಕೊನೆಯ ವರ್ಷ. ಮನೆಯಲ್ಲಿ ನಾನು ಮತ್ತು ತೊಳೆದ ಪಾತ್ರೆಗಳು.

ನಮ್ಮ ರಸ್ತೆಯ ಕೊನೆಯಲ್ಲಿ ಒಂದು ಚರ್ಚು. ಗೋಪುರವಿಲ್ಲ, ಗಂಟೆಯಿಲ್ಲ, ಮರದ ಗೋಡೆಗೆ ಹಸಿರು ಬಣ್ಣ ಬಳಿದ ತಗ್ಗು ಕಟ್ಟಡ. ಭಾನುವಾರ ಮಧ್ಯಾಹ್ನ ನಮ್ಮ ಮಕ್ಕಳಿಗೆ ಕನ್ನಡ ಪಾಠ ಹೇಳಲು ಅವರ ಹಾಲ್ ಬಾಡಿಗೆಗೆ ಸಿಗುತ್ತದೆಯೇ ಎಂದು ಕೇಳಲು ಅಕ್ಟೋಬರ್ ತಿಂಗಳ ಒಂದು ಶನಿವಾರ ಹೋದೆ. ಅಲ್ಲಿ ನೋಡಿದರೆ ಪಕ್ಕದ ಪಾರ್ಕಿಂಗ್ ಲಾಟಿನಲ್ಲಿ ಉದ್ದ ಸಾಲು. ತರಕಾರಿ, ಬ್ರೆಡ್ಡು, ಹಾಲು, ಡಯಾಪರ್ ಹಂಚುತ್ತಿದ್ದರು. ಪಾಸ್ಟರ್ ರೂತ್ ಅರವತ್ತು ದಾಟಿದ ಹೆಂಗಸು, ರಬ್ಬರ್ ಬೂಟು ಹಾಕಿಕೊಂಡು ಈರುಳ್ಳಿ ಮೂಟೆ ಎಳೆಯುತ್ತಿದ್ದರು. ನಾನು ಹಾಲ್ ಎಂದು ಬಾಯಿ ತೆರೆದದ್ದೇ, “ಹಾಲ್ ವಿಷಯ ಆಮೇಲೆ ಮಾತಾಡೋಣ, ಈ ಕಡೆ ತುದಿ ಹಿಡೀತೀರಾ?” ಎಂದರು. ಹಿಡಿದೆ. ಮೂಟೆಯಲ್ಲಿ ಅರ್ಧ ಕೊಳೆತಿತ್ತು. ಆರಿಸಲು ಕೂತವಳು ಮಧ್ಯಾಹ್ನದವರೆಗೆ ಏಳಲಿಲ್ಲ. ಮುಂದಿನ ಶನಿವಾರವೂ ಹೋದೆ.

ಅವರು ನನಗೆ ಹೇಳಿದ್ದು ಒಂದೇ ನಿಯಮ. “ನಾವು ಯಾರ ಹೆಸರನ್ನೂ ಬರೆಯಲ್ಲ. ಕೇಳೋದೂ ಇಲ್ಲ. ಸಾಲಿನಲ್ಲಿ ನಿಂತವರಿಗೆ ಕೊಡ್ತೀವಿ.” ನಾನು ತಲೆಯಾಡಿಸಿದೆ. ಆದರೆ ಮನಸ್ಸು ಒಪ್ಪಲಿಲ್ಲ.

ಇದನ್ನು ವಿವರಿಸಬೇಕಾದರೆ ನನ್ನ ಅಪ್ಪನನ್ನು ಕರೆಯಬೇಕು. ಅಪ್ಪ ಮದ್ದೂರಿನ ಹತ್ತಿರ ಪ್ರೈಮರಿ ಸ್ಕೂಲಿನ ಮೇಷ್ಟ್ರು. ಹಾಜರಿ ಪುಸ್ತಕ, ಜನಗಣತಿ, ವೋಟರ್ ಲಿಸ್ಟು, ಊರಿನ ಬರವಣಿಗೆಯ ಕೆಲಸವೆಲ್ಲ ಅವರ ತಲೆಗೆ. ಕೆಂಪು ಶಾಯಿಯಲ್ಲಿ ಗೆರೆ ಎಳೆದು, ಒಂದು ಮನೆಯೂ ಬಿಟ್ಟುಹೋಗದ ಹಾಗೆ ಬರೆಯುತ್ತಿದ್ದರು. ಪುಸ್ತಕದಲ್ಲಿ ಹೆಸರಿದ್ದವರಿಗೆ ಅಕ್ಕಿ ಬರುತ್ತದೆ, ಇಲ್ಲದವರಿಗೆ ಬರೀ ಚೀಲ ಎನ್ನುವುದು ಅವರು ನನಗೆ ಕಲಿಸಿದ ಸರ್ಕಾರ. ಪಟ್ಟಿಯಿಂದ ಹೆಸರು ಬಿಟ್ಟುಹೋಗುವುದೇ ನಾವು ಹೆದರುತ್ತಿದ್ದ ಸಂಗತಿ. ಹೆಸರು ಸೇರಿಬಿಟ್ಟರೆ ಹೆದರಬೇಕಾದ ಜನವೂ ಇರುತ್ತಾರೆ ಎಂದು ನನಗೆ ಯಾರೂ ಹೇಳಿಕೊಟ್ಟಿರಲಿಲ್ಲ.

ಮೂರನೆಯ ವಾರ ಒಬ್ಬ ಮುದುಕಿಗೆ ಹಾಲು ಸಿಗಲಿಲ್ಲ. ಮುಂದೆ ನಿಂತ ಒಂದು ಮನೆಯವರು ಎರಡು ಸಲ ತೆಗೆದುಕೊಂಡಿದ್ದರು. ನನಗೆ ತಡೆಯಲಾಗಲಿಲ್ಲ. ಒಂದು ರಟ್ಟಿನ ಹೊದಿಕೆಯ ಉದ್ದ ಪುಸ್ತಕ ಕೊಂಡು, ಕೆಂಪು ಪೆನ್ನಿನಲ್ಲಿ ಗೆರೆ ಹಾಕಿದೆ. ಹೆಸರು, ಮನೆ ವಿಳಾಸ, ಫೋನು, ಮಕ್ಕಳೆಷ್ಟು, ಯಾವ ಸ್ಕೂಲು, ಯಾವ ಕ್ಲಾಸು. ಸ್ಕೂಲು ಯಾಕೆಂದರೆ ಮಕ್ಕಳಿಗೆ ನೋಟ್‌ಬುಕ್ಕು, ಬಣ್ಣದ ಪೆನ್ಸಿಲ್ಲು ತರುವ ಆಸೆಯಿತ್ತು. ಪಾಸ್ಟರ್ ಒಳಗೆ ಅಡುಗೆಮನೆಯಲ್ಲಿರುವಾಗ, ಈರುಳ್ಳಿ ಕೊಡುತ್ತಾ, ಮಾತಾಡುತ್ತಾ ಬರೆದುಕೊಂಡೆ. ಕದ್ದು ಮಾಡಿದೆನೇ ಎಂದರೆ ಆಗ ಹಾಗನ್ನಿಸಿರಲಿಲ್ಲ. ಚರ್ಚು ತಾನೇ ಬರೆಯಬಾರದು, ನನ್ನ ಪುಸ್ತಕ ನನ್ನದು ಎಂದುಕೊಂಡಿದ್ದೆ. ಅದೂ ಇಂಗ್ಲಿಷಿನಲ್ಲಿ, ದಪ್ಪ ಅಕ್ಷರದಲ್ಲಿ, ಯಾರು ಬೇಕಾದರೂ ಓದುವ ಹಾಗೆ ಬರೆದೆ.

ಹಣೆಗೆ ಕುಂಕುಮ ಇಟ್ಟು ಚೂಡಿದಾರ್ ಹಾಕಿಕೊಂಡು ಈರುಳ್ಳಿ ಮುಂದೆ ಕೂತವಳನ್ನು ಕಂಡು ಯಾರಿಗೆ ಅನುಮಾನ ಬರುತ್ತದೆ? ಜನ ಹೇಳಿದರು. ಹೇಳಲು ಹಿಂಜರಿದವಳು ಒಬ್ಬಳೇ, ಎಲ್ವಿರಾ. ನಲವತ್ತರ ಆಸುಪಾಸು, ಮನೆಗಳನ್ನು ಕ್ಲೀನ್ ಮಾಡುವ ಕೆಲಸ, ಇಂಗ್ಲಿಷ್ ಚೆನ್ನಾಗಿ ಬರುತ್ತಿತ್ತು. ಅವಳ ಮಗಳು ಎರಡನೇ ಕ್ಲಾಸು. ಮಗುವಿಗೆ ಕೆಮ್ಮು ಎಂದಳು, ಮುಂದಿನ ವಾರ ನಾನು ಫ್ಲಾಸ್ಕಿನಲ್ಲಿ ಮೆಣಸು ಜೀರಿಗೆಯ ಕಷಾಯ ಒಯ್ದೆ. ಅದರ ಮುಂದಿನ ವಾರ ಅವಳು ಹಸಿಮೆಣಸಿನಕಾಯಿ ಹುರಿದು ಮಾಡಿದ ಒಂದು ಚಟ್ನಿ ತಂದಳು. ಅನ್ನಕ್ಕೆ ಕಲಸಿ ತಿಂದೆ ಎಂದಾಗ ಹೊಟ್ಟೆ ಹಿಡಿದು ನಕ್ಕಳು. ಆಮೇಲೆ ಪುಸ್ತಕದ ಕಡೆ ಕೈ ತೋರಿಸಿ, “ನಿನಗೆ ಅಂತ ಹೇಳ್ತೀನಿ, ಬರ್ಕೋ” ಎಂದಳು. ಹೆಸರು, ವಿಳಾಸ, ಫೋನು, ಮಗಳ ಸ್ಕೂಲು, ಎಲ್ಲ ಹೇಳಿದಳು. ಅವಳದು ನಲವತ್ತಮೂರನೆಯದು, ಕೊನೆಯದು.

ನವೆಂಬರಿಗೆ ಹೆದರಿಕೆ ಊರೊಳಗೆ ಬಂತು. ಕಾಗದಪತ್ರ ಇಲ್ಲದವರನ್ನು ಇಮಿಗ್ರೇಷನ್ನಿನವರು ಎಲ್ಲೋ ಕಾರ್ ತೊಳೆಯುವ ಜಾಗದಿಂದ ಹಿಡಿದುಕೊಂಡು ಹೋದರಂತೆ, ಎಲ್ಲೋ ಕೋರ್ಟಿನ ಮೆಟ್ಟಿಲ ಮೇಲಂತೆ. ಚರ್ಚಿನೊಳಗೆ ಹೋಗಿ ಹಿಡಿಯುವುದಿಲ್ಲ ಎಂಬ ಹಳೆಯ ಮರ್ಯಾದೆಯೂ ಈಗ ಇಲ್ಲವೆಂದು ಪಾಸ್ಟರ್ ಹೇಳಿದರು. ಒಳಬಾಗಿಲಿಗೆ ‘ಇಲ್ಲಿಂದ ಮುಂದೆ ಖಾಸಗಿ ಜಾಗ’ ಎಂದು ಬೋರ್ಡು ಹಾಕಿದರು. ನಮಗೆಲ್ಲ ಕಿತ್ತಳೆ ಬಣ್ಣದ ಒಂದೊಂದು ಸೀಟಿ ಕೊಟ್ಟರು. ಅನುಮಾನದ ವ್ಯಾನು ಕಂಡರೆ ಊದಬೇಕು. ನಾನು ಅದನ್ನು ತಾಳಿಯ ಜೊತೆಗೇ ಕೊರಳಿಗೆ ಹಾಕಿಕೊಂಡೆ.

“ಏನು, ಕಂಡಕ್ಟರ್ ಕೆಲ್ಸ ಸಿಕ್ತಾ?” ಎಂದು ಪ್ರಕಾಶ್ ನಕ್ಕರು. ನಗು ಮುಗಿದ ಮೇಲೆ ದನಿ ಇಳಿಸಿದರು. “ನೋಡು, ಹದಿನಾಲ್ಕು ವರ್ಷದಿಂದ ಕ್ಯೂನಲ್ಲಿದೀವಿ, ನಮ್ದೇ ಇನ್ನೂ ಗ್ರೀನ್ ಕಾರ್ಡ್ ಆಗಿಲ್ಲ. ಊರ ಉಸಾಬರಿ ಬೇಡ. ಈರುಳ್ಳಿ ಆರಿಸು, ಮನೆಗೆ ಬಾ. ಅಷ್ಟೇ.”

“ಅಷ್ಟೇ ಮಾಡ್ತಿರೋದು” ಎಂದೆ. ಪುಸ್ತಕದ ವಿಷಯ ಅವರಿಗೂ ಹೇಳಿರಲಿಲ್ಲ.

ಜನವರಿಯಲ್ಲಿ ಆ ಪಾರ್ಕಿಂಗ್ ಲಾಟಿನ ಪ್ರಶ್ನೆ ಬಂತು. ಅದು ಚರ್ಚಿನದಲ್ಲ, ನಗರಸಭೆಯದು. ಶನಿವಾರ ಬಳಸಲು ಕೊಟ್ಟ ಅನುಮತಿ ಮುಗಿದಿತ್ತು, ಮುಂದುವರಿಸಬೇಕೇ ಎಂದು ಸಿಟಿ ಕೌನ್ಸಿಲ್ ತೀರ್ಮಾನಿಸಬೇಕು. ಪಾಸ್ಟರ್ ರೂತ್ ಚರ್ಚಿನ ಮೂವತ್ತು ಜನರನ್ನು ಕರೆದುಕೊಂಡು ಹೋದರು, ನಾನೂ ಹಿಂದಿನ ಸಾಲಿನಲ್ಲಿ ಕೂತೆ. ಚರ್ಚಿನವರು ಸರ್ಕಾರದ ಮುಂದೆ ಹೀಗೆ ಹೋಗಿ ನಿಲ್ಲುವುದು ನನಗೆ ವಿಚಿತ್ರ ಅನ್ನಿಸಲಿಲ್ಲ. ನಮ್ಮಲ್ಲಿ ಸ್ವಾಮೀಜಿಗಳ ಒಂದು ಮಾತಿಗೆ ಮಂತ್ರಿಗಳು ಮಠದ ಬಾಗಿಲಿಗೆ ಓಡಿ ಬರುವುದನ್ನು ನೋಡಿ ಬೆಳೆದವಳು ನಾನು. ಇಲ್ಲಿ ಆಶ್ಚರ್ಯವಾದದ್ದು ಬೇರೆ. ಫ್ರೀವೇ ಪಕ್ಕದ ದೊಡ್ಡ ಚರ್ಚಿನವರೂ ಬಂದಿದ್ದರು, ನಮ್ಮ ವಿರುದ್ಧ ಮಾತಾಡಲು. ನಮ್ಮ ಪಾಸ್ಟರ್ ಎದ್ದು, ಪರದೇಶಿಯನ್ನು ಮನೆಯವನ ಹಾಗೆ ನೋಡಿಕೊಳ್ಳಬೇಕೆಂದು ದೇವರು ಹೇಳಿದ್ದಾನೆ ಎಂದರು. ಅವರ ಕಡೆಯ ಒಬ್ಬ ಹಿರಿಯರು ಎದ್ದು, ಕಾನೂನಿಗೆ ತಲೆಬಾಗಬೇಕೆಂದೂ ಅದೇ ದೇವರು ಹೇಳಿದ್ದಾನೆ ಎಂದರು. ಇಬ್ಬರೂ ಜೋರು ಮಾಡಲಿಲ್ಲ. ಆ ಮೆದು ದನಿಯೇ ನನಗೆ ಹೆಚ್ಚು ಹೆದರಿಕೆ ತಂದಿತು.

ಆಗ ಒಬ್ಬ ಸದಸ್ಯರು ಕೇಳಿದರು: “ಈ ಸಾಲಿನಲ್ಲಿ ನಿಲ್ಲುವವರು ನಮ್ಮ ಊರಿನವರೇ ಅಂತ ಏನು ಆಧಾರ? ಎಷ್ಟು ಮನೆ? ಯಾವ ಬೀದಿ?” ಪಾಸ್ಟರ್, “ನಾವು ಕೇಳೋದಿಲ್ಲ” ಎಂದಷ್ಟೇ ಹೇಳಿದರು. ಆಧಾರವಿಲ್ಲದೆ ಹೇಗೆ ಎಂದು ಸಭೆಯನ್ನು ಎರಡು ವಾರ ಮುಂದಕ್ಕೆ ಹಾಕಿದರು.

ನನ್ನ ಚೀಲದಲ್ಲಿ ಆಧಾರವಿತ್ತು. ಮೊದಲ ಮನೆಯಿಂದ ನಲವತ್ತಮೂರನೆಯದರವರೆಗೆ, ಬೀದಿ, ಮನೆ ನಂಬರ್ ಸಮೇತ. ಎರಡು ವಾರ ನನಗೆ ಹಬ್ಬದ ಹಿಂದಿನ ದಿನದ ಸಡಗರ. ಸರ್ಕಾರ ದಾಖಲೆ ಕೇಳಿದೆ, ದಾಖಲೆ ನನ್ನ ಹತ್ತಿರ ಇದೆ. ಅಪ್ಪ ಬದುಕಿದ್ದರೆ ಬೆನ್ನು ತಟ್ಟುತ್ತಿದ್ದರು. ಪಾಸ್ಟರಿಗೆ ಮೊದಲೇ ಯಾಕೆ ಹೇಳಲಿಲ್ಲ ಎಂದು ಆಮೇಲೆ ಎಲ್ಲರೂ ಕೇಳಿದರು. ನಿಯಮ ಮುರಿದದ್ದಕ್ಕೆ ಬೈಸಿಕೊಳ್ಳಬೇಕಲ್ಲ ಎಂಬ ಅಳುಕು ಒಂದು. ಕೆಲಸ ಗೆದ್ದ ಮೇಲೆ ಹೇಳಿದರೆ ಬೈಗುಳವೂ ಹೊಗಳಿಕೆಯಾಗುತ್ತದೆ ಎಂಬ ಆಸೆ ಇನ್ನೊಂದು.

ಮಂಗಳವಾರ ಸಂಜೆಯ ಎರಡನೆಯ ಸಭೆಗೆ ಅನಘಾಳನ್ನೂ ಕರೆದುಕೊಂಡು ಹೋದೆ. ಮಾತಾಡುವವರ ಚೀಟಿಯಲ್ಲಿ ನನ್ನ ಹೆಸರು ಬರೆದುಕೊಟ್ಟೆ. ಕರೆದಾಗ ಮೈಕಿನ ಮುಂದೆ ಹೋಗಿ ನಿಂತೆ. ಎರಡೇ ನಿಮಿಷ ಸಮಯ. ಎದುರಿಗೆ ಹಸಿರು ದೀಪ, ಮುಗಿಯುವಾಗ ಕೆಂಪು. “ಇವರು ನಮ್ಮ ಊರಿನವರು, ನಲವತ್ತಮೂರು ಮನೆ, ಆಧಾರ ಇಲ್ಲಿದೆ” ಎಂದು ಪುಸ್ತಕ ಎತ್ತಿ ತೋರಿಸಿದೆ. ಕೆಳಗೆ ಕೂತಿದ್ದ ಕ್ಲರ್ಕ್ ಹತ್ತಿರ ಹೋಗಿ, ಎರಡೂ ಕೈಯಲ್ಲಿ ಹಿಡಿದು ಕೊಟ್ಟೆ. ಆಕೆ ಅದನ್ನು ಟ್ರೇಯಲ್ಲಿ ಇಟ್ಟುಕೊಂಡರು. ಬಿಳಿ ಕೂದಲಿನ ಹೆಂಗಸು, ಕೊರಳಲ್ಲಿ ಸಣ್ಣ ಶಿಲುಬೆ.

ತಿರುಗಿದೆ. ಚಪ್ಪಾಳೆ ಇರಲಿಲ್ಲ. ನಮ್ಮ ಚರ್ಚಿನ ಮೂವತ್ತು ಜನ ನನ್ನನ್ನೇ ನೋಡುತ್ತಿದ್ದರು. ಪಾಸ್ಟರ್ ರೂತ್ ಮುಖದಲ್ಲಿ ರಕ್ತವಿರಲಿಲ್ಲ. ನಾನು ಸೀಟಿಗೆ ಬಂದು ಕೂತಾಗ ಅನಘಾ ಕಿವಿಯಲ್ಲಿ ಹೇಳಿದಳು: “ಅಮ್ಮಾ, ಅಲ್ಲಿ ಕೊಟ್ಟಿದ್ದೆಲ್ಲ ಪಬ್ಲಿಕ್ ರೆಕಾರ್ಡ್. ವೆಬ್‌ಸೈಟಲ್ಲಿ ಹಾಕ್ತಾರೆ. ಎನಿಬಡಿ ಕ್ಯಾನ್ ಸೀ ಇಟ್.”

ಅರ್ಥವಾಗಲು ಒಂದು ಕ್ಷಣ ಬೇಕಾಯಿತು. ಇಡೀ ಊರಿನಲ್ಲಿ ಅವರ ಹೆಸರು, ವಿಳಾಸ, ಮಕ್ಕಳ ಸ್ಕೂಲು ಒಂದೇ ಕಡೆ ಇದ್ದದ್ದು ಆ ಪುಸ್ತಕದಲ್ಲಿ. ಅದನ್ನು ನಾನೇ ಬರೆದು, ನಾನೇ ಹೊತ್ತು ತಂದು, ಎರಡೂ ಕೈಯಲ್ಲಿ ಸರ್ಕಾರಕ್ಕೆ ಕೊಟ್ಟಿದ್ದೆ.

ಸಭೆ ಮುಗಿದ ಮೇಲೆ ಪಾಸ್ಟರ್ ಕ್ಲರ್ಕ್ ಹತ್ತಿರ ಓಡಿದರು. ಆಕೆ ತಣ್ಣಗೆ, “ನನ್ನ ಟ್ರೇಗೆ ಬಂದದ್ದನ್ನು ವಾಪಸು ಕೊಡೋಕೆ ಬರೋದಿಲ್ಲ, ನಾಳೆ ಬೆಳಗ್ಗೆ ಬನ್ನಿ” ಎಂದರು. ಪಾರ್ಕಿಂಗ್ ಲಾಟಿನ ಅನುಮತಿ ಮಾತ್ರ ಸಿಕ್ಕಿತ್ತು, ಒಂದು ವರ್ಷಕ್ಕೆ. ಯಾರೂ ಅದರ ಬಗ್ಗೆ ಮಾತಾಡಲಿಲ್ಲ.

ಬೆಳಗ್ಗೆ ಎಂಟಕ್ಕೆ ಸಿಟಿ ಹಾಲ್ ಬಾಗಿಲಲ್ಲಿ ನಾವಿಬ್ಬರೂ ಮಳೆಯಲ್ಲಿ ನಿಂತಿದ್ದೆವು. ಪಾಸ್ಟರ್ ಒಂದು ಬೈಗುಳ ಬೈದಿದ್ದರೆ ಹಗುರವಾಗುತ್ತಿತ್ತೇನೋ. “ಬರೀಬೇಡಿ ಅಂದೆ, ಯಾಕೆ ಅಂತ ಹೇಳಲಿಲ್ಲ. ನನ್ನ ತಪ್ಪೂ ಇದೆ” ಎಂದರು. ಕ್ಲರ್ಕ್ ನಮ್ಮನ್ನು ಕೂರಿಸಿ ಕೇಳಿಸಿಕೊಂಡರು. ಅವರ ಮೇಜಿನ ಮೇಲೆ ಒಂದು ಕ್ಯಾಲೆಂಡರ್ ಇತ್ತು, ಮೇಲೆ ಫ್ರೀವೇ ಪಕ್ಕದ ಆ ದೊಡ್ಡ ಚರ್ಚಿನ ಚಿತ್ರ. ನಮ್ಮ ವಿರುದ್ಧ ಮಾತಾಡಿದವರ ಪೈಕಿಯವರೇ ಈಕೆ. ನಲವತ್ತಮೂರು ಮನೆ ಈಗ ಇವರ ಕೈಯಲ್ಲಿದ್ದವು.

“ವಕೀಲರನ್ನು ಕೇಳಬೇಕು. ಸೋಮವಾರ ಬನ್ನಿ” ಎಂದರು.

ಆ ದಿನಗಳಲ್ಲಿ ನಾನು ಮಾಡಿದ ಅಡುಗೆಯ ರುಚಿ ನನಗೇ ತಿಳಿಯುತ್ತಿರಲಿಲ್ಲ. ಗಂಟೆಗೊಮ್ಮೆ ನಗರಸಭೆಯ ವೆಬ್‌ಸೈಟು ತೆಗೆದು ನೋಡುವುದು, ಇಲ್ಲ ಎಂದು ಉಸಿರು ಬಿಡುವುದು, ಮತ್ತೆ ನೋಡುವುದು. ಬೀದಿಯಲ್ಲಿ ಬಿಳಿ ವ್ಯಾನು ನಿಂತರೆ ಪರದೆ ಸರಿಸಿ ನಂಬರ್ ಪ್ಲೇಟು ಓದುವುದು. ಅದು ಎದುರು ಮನೆಯ ನಲ್ಲಿ ರಿಪೇರಿಯವರದು. ಪ್ರಕಾಶ್ ವಿಷಯ ಕೇಳಿ, “ನಿನ್ನ ಹೆಸರೂ ಚೀಟಿಯಲ್ಲಿ ಬರೆದುಕೊಟ್ಟೆಯಾ?” ಎಂದರು. ಹೌದು ಎಂದೆ. ಅವರು ಎದ್ದು ಹೋಗಿ ನಮ್ಮ ಪಾಸ್‌ಪೋರ್ಟುಗಳೆಲ್ಲ ಇವೆಯೇ ಎಂದು ನೋಡಿ ಬಂದರು. ಅವರೂ ನನ್ನಷ್ಟೇ ಪುಕ್ಕಲು ಎಂದು ನನಗೆ ತಿಳಿದದ್ದು ಅವತ್ತೇ.

ಶನಿವಾರ ಬಂತು. “ಜನಕ್ಕೆ ನೀವೇ ಹೇಳಬೇಕು. ನಾನು ಪಕ್ಕದಲ್ಲಿ ನಿಂತಿರ್ತೀನಿ” ಎಂದರು ಪಾಸ್ಟರ್. ಮಳೆ ನಿಂತಿರಲಿಲ್ಲ. ಸಾಲಿನ ತುಂಬ ಕೊಡೆಗಳು, ಕಸದ ಚೀಲ ಹೊದ್ದ ತಲೆಗಳು. ನಾನು ಹೇಳುವ ಇಂಗ್ಲಿಷನ್ನು ಯಾರಾದರೂ ಸ್ಪ್ಯಾನಿಷಿನಲ್ಲಿ ಹೇಳಬೇಕಿತ್ತು. ಸಾಲಿನ ಮಧ್ಯದಿಂದ, ಏನೆಂದು ತಿಳಿಯದೆ, ನಗುತ್ತಲೇ ಮುಂದೆ ಬಂದವಳು ಎಲ್ವಿರಾ.

ನಾನು ಒಂದೊಂದೇ ವಾಕ್ಯ ಹೇಳಿದೆ. ಅವಳು ಒಂದೊಂದೇ ವಾಕ್ಯ ತಿರುಗಿಸಿ ಹೇಳಿದಳು. “ನಾನು ನಿಮ್ಮ ಹೆಸರು ಬರೆದುಕೊಂಡಿದ್ದೆ.” ಹೇಳಿದಳು. “ಚರ್ಚಿನವರು ಬರೆಯಬೇಡ ಅಂದಿದ್ದರು, ಕೇಳಲಿಲ್ಲ.” ಹೇಳಿದಳು. “ಆ ಪುಸ್ತಕವನ್ನು ನಾನು ಸಿಟಿ ಹಾಲಿನಲ್ಲಿ ಕೊಟ್ಟುಬಿಟ್ಟೆ.” ಅಲ್ಲಿ ಅವಳ ಬಾಯಿ ನಿಂತಿತು. ನನ್ನ ಕಡೆ ತಿರುಗಿದಳು. ಜನ ಅವಳ ಮುಖ ನೋಡುತ್ತಾ ಕಾಯುತ್ತಿದ್ದರು. ಅವಳು ಆ ವಾಕ್ಯವನ್ನೂ ತಿರುಗಿಸಿ ಹೇಳಿದಳು, ಮೆಲ್ಲಗೆ, ಒಂದು ಪದವನ್ನೂ ಬಿಡದೆ.

ಯಾರೂ ಕೂಗಲಿಲ್ಲ. ಸಾಲು ಹಿಂದಿನಿಂದ ಕರಗತೊಡಗಿತು. ತಾಯಂದಿರು ಮಕ್ಕಳ ಕೈ ಹಿಡಿದು, ಓಡದೆ, ಬೇಗ ಬೇಗ ನಡೆದು ಹೋದರು. ಹಾಲು ಸಿಗದೆ ಹೋದ ಆ ಮುದುಕಿ ಕೈಗೆ ಬಂದಿದ್ದ ಹಾಲಿನ ಡಬ್ಬವನ್ನು ಮೇಜಿನ ಮೇಲೆ ವಾಪಸಿಟ್ಟು ಹೋದಳು. ಇದನ್ನು ತೆಗೆದುಕೊಂಡರೂ ಯಾರಾದರೂ ಬರೆದುಕೊಳ್ಳಬಹುದು ಎಂದು ಹೆದರಿದಳೋ ಏನೋ.

ಎಲ್ವಿರಾ ಮಾತ್ರ ನಿಂತಿದ್ದಳು.

“ನನ್ನ ಮಗಳ ಸ್ಕೂಲೂ ಬರೆದಿದ್ದೆಯಲ್ಲ?”

“ಬರೆದಿದ್ದೆ.”

“ಕ್ಲಾಸು?”

“ಅದೂ.”

ಅವಳು ತಲೆಯಾಡಿಸಿದಳು. ನಾನು ಕೈ ಹಿಡಿಯಲು ಹೋದೆ, ಅವಳು ಕೊಡೆಯನ್ನು ಆ ಕೈಗೆ ಬದಲಾಯಿಸಿಕೊಂಡಳು. ನನ್ನ ಫ್ಲಾಸ್ಕು ಅವಳ ಚೀಲದಲ್ಲಿತ್ತು. ತೊಳೆದು ಒರೆಸಿ ತಂದಿದ್ದಳು. ಅದನ್ನು ಮೇಜಿನ ಮೇಲಿಟ್ಟು ಹೋದಳು.

ಸೋಮವಾರ ನಾನೊಬ್ಬಳೇ ಸಿಟಿ ಹಾಲಿಗೆ ಹೋದೆ, ಪಾಸ್ಟರಿಗೆ ಯಾವುದೋ ಸಾವಿನ ಮನೆ. ಕ್ಲರ್ಕ್ ನನ್ನನ್ನು ನೋಡಿ ಎದ್ದು ಒಳಗೆ ಹೋಗಿ ಒಂದು ಪ್ಲಾಸ್ಟಿಕ್ ಡಬ್ಬ ತಂದರು. ಅದರಲ್ಲಿ ಒಂದು ಕೊಡೆ, ಒಂಟಿ ಕೈಗವಸು, ಯಾರದೋ ಕನ್ನಡಕ, ಅವುಗಳ ಕೆಳಗೆ ನನ್ನ ಪುಸ್ತಕ.

“ಇದರ ಮೇಲೆ ಸೀಲು ಬಿದ್ದಿಲ್ಲ. ಸಭೆಯ ದಾಖಲೆಗೆ ಸೇರಿಲ್ಲ” ಎಂದರು. “ನೀವು ಮರೆತು ಬಿಟ್ಟುಹೋದ ವಸ್ತು ಇದು. ಹೌದಲ್ಲವೇ?”

ನಾನು ಹೌದೆಂದು ತಲೆಯಾಡಿಸಿದೆ. ಆಕೆ ಒಂದು ರಿಜಿಸ್ಟರ್ ಮುಂದಿಟ್ಟು ತೆರೆದರು. ಕಳೆದುಹೋದ ವಸ್ತು ವಾಪಸು ಪಡೆಯುವವರು ಬರೆಯಬೇಕು: ಹೆಸರು, ವಿಳಾಸ, ಫೋನು. ಪೆನ್ನು ಹಿಡಿದೆ, ಅಕ್ಷರ ಮೂಡಲಿಲ್ಲ. ನಲವತ್ತಮೂರು ಸಲ ನಾನು ಬೇರೆಯವರ ಎದುರು ಹೀಗೆ ಪೆನ್ನು ಹಿಡಿದಿದ್ದೆ. ಎದುರಿಗೆ ಕೂತವರಿಗೆ ಹೇಗಿತ್ತು ಎಂದು ಆಗ ಗೊತ್ತಾಯಿತು. ಬರೆದೆ. ಆಕೆ ಯಾಕೆ ಹೀಗೆ ಮಾಡಿದರು, ವಕೀಲರು ಹೇಳಿದರೇ, ತಾನಾಗಿ ಮಾಡಿದರೇ, ಅವರ ಚರ್ಚಿನಲ್ಲಿ ಭಾನುವಾರ ಏನು ಕೇಳಿಸಿಕೊಂಡು ಬಂದರು, ಒಂದೂ ನನಗೆ ತಿಳಿಯದು. ಕೇಳುವ ಧೈರ್ಯ ಇರಲಿಲ್ಲ. “ಇಟ್ಟುಕೊಳ್ಳಬೇಡಿ ಅದನ್ನ” ಎಂದಷ್ಟೇ ಹೇಳಿದರು.

ಸೀದಾ ಚರ್ಚಿಗೆ ಹೋದೆ. ಆಫೀಸಿನ ಮೂಲೆಯಲ್ಲಿ ಕಾಗದ ಚೂರು ಮಾಡುವ ಮಷೀನು ಇತ್ತು. ಪುಸ್ತಕ ಹಾಗೇ ಹೋಗುವುದಿಲ್ಲ, ಒಂದೊಂದೇ ಹಾಳೆ ಹರಿದು ಹಾಕಬೇಕು. ಹಾಜರಿ ಪುಸ್ತಕ ಹರಿಯುವುದೆಂದರೆ ನಮ್ಮ ಮನೆಯಲ್ಲಿ ಅನ್ನ ಚೆಲ್ಲಿದ ಹಾಗೆ. ಹಾಕುವ ಮುಂಚೆ ಪ್ರತಿ ಹಾಳೆಯನ್ನೂ ಒಂದು ಸಲ ಓದಿದೆ. ಯಾಕೆ ಓದಿದೆನೋ. ಅಭ್ಯಾಸ.

ಮುಂದಿನ ಶನಿವಾರ ಒಂಬತ್ತು ಜನ ಬಂದರು. ಅದರ ಮುಂದಿನ ವಾರ ಹದಿನಾಲ್ಕು. ಪುಸ್ತಕ ಇಲ್ಲವಾಯಿತೆಂಬ ಸುದ್ದಿ ಬಾಯಿಂದ ಬಾಯಿಗೆ ಹೋಗಬೇಕಿತ್ತು, ನಿಧಾನವಾಗಿ ಹೋಯಿತು. ಮಾರ್ಚಿನಲ್ಲಿ ಮಳೆ ನಿಂತು ಬೀದಿಯ ಪ್ಲಮ್ ಮರಗಳು ಹೂ ಬಿಡುವ ಹೊತ್ತಿಗೆ ಸಾಲು ಮತ್ತೆ ಪಾರ್ಕಿಂಗ್ ಲಾಟಿನ ಅಂಚು ಮುಟ್ಟಿತು. ಮುದುಕಿಯೂ ಬಂದಳು. ಎಲ್ವಿರಾ ಬರಲಿಲ್ಲ.

ಯಾರನ್ನು ಕೇಳಿದರೂ ಒಂದೊಂದು ಮಾತು. ಫ್ರೆಸ್ನೋ ಕಡೆ ತಂಗಿಯ ಮನೆಗೆ ಹೋದಳಂತೆ. ಇಲ್ಲ, ಕೆಲಸ ಬಿಟ್ಟಳಂತೆ. ಇಲ್ಲ, ಒಂದು ಬೆಳಗ್ಗೆ ಬಸ್‌ಸ್ಟಾಪಿನಲ್ಲಿ. ಆ ಕೊನೆಯ ಮಾತು ಹೇಳಿದವರು ಪೂರ್ತಿ ಹೇಳಲಿಲ್ಲ. ಪಾಸ್ಟರಿಗೂ ತಿಳಿಯದು. ಹುಡುಕೋಣವೆಂದರೆ ಚರ್ಚಿನಲ್ಲಿ ಅವಳ ಫೋನ್ ನಂಬರಿಲ್ಲ, ವಿಳಾಸವಿಲ್ಲ, ಅವರು ಬರೆಯುವವರಲ್ಲ. ಬರೆದುಕೊಂಡಿದ್ದವಳು ನಾನು, ನಾನೇ ಮಷೀನಿಗೆ ಹಾಕಿದ್ದೆ. ಫೋನ್ ನಂಬರಿನ ಕೊನೆಯ ಎರಡು ಅಂಕಿ ಎಷ್ಟು ತಿಣುಕಿದರೂ ನೆನಪಾಗಲಿಲ್ಲ. ಬೀದಿ, ಮನೆ ನಂಬರ್ ನೆನಪಿತ್ತು. ಒಂದು ಮಧ್ಯಾಹ್ನ ಕಾರು ತೆಗೆದುಕೊಂಡು ಹೋಗಿ ಆ ಅಪಾರ್ಟ್‌ಮೆಂಟಿನ ಎದುರು ನಿಲ್ಲಿಸಿದೆ. ಎರಡನೇ ಮಹಡಿಯ ಕಿಟಕಿಯಲ್ಲಿ ಪರದೆ ಎಳೆದಿತ್ತು. ಹೋಗಿ ಬಾಗಿಲು ತಟ್ಟಬೇಕು. ಒಳಗೆ ಅವಳಿದ್ದರೆ, ಅಪರಿಚಿತರು ತಟ್ಟಿದ ಸದ್ದಿಗೆ ಮಗಳನ್ನು ಅಪ್ಪಿಕೊಂಡು ಉಸಿರು ಬಿಗಿಹಿಡಿದು ಕೂತಿರುತ್ತಾಳೆ. ಇಲ್ಲದಿದ್ದರೆ, ಇಲ್ಲ ಎನ್ನುವುದು ನನಗೆ ಗೊತ್ತಾಗಿಬಿಡುತ್ತದೆ. ಎರಡಕ್ಕೂ ಹೆದರಿ ಕಾರಿನಿಂದ ಇಳಿಯಲಿಲ್ಲ. ಮನೆಗೆ ಬಂದೆ.

ಅವಳು ಹೋದದ್ದು ನನ್ನ ಪುಸ್ತಕದಿಂದಲೋ, ಅಲ್ಲವೋ ಎಂದು ನನಗೆ ಇವತ್ತಿಗೂ ತಿಳಿಯದು. ಮಂಗಳವಾರದಿಂದ ಸೋಮವಾರದವರೆಗೆ ಆ ಡಬ್ಬದಲ್ಲಿ ಕೊಡೆಯ ಕೆಳಗೆ ಇದ್ದ ಪುಸ್ತಕವನ್ನು ಯಾರಾದರೂ ತೆರೆದರೇ, ಕೊನೆಯ ಪುಟ ನೋಡಿದರೇ. ಪಾಸ್ಟರ್ ಹಾಗೆಲ್ಲ ಯೋಚಿಸಬೇಡಿ ಎನ್ನುತ್ತಾರೆ. ಪ್ರಾರ್ಥನೆಯಲ್ಲಿ ಹೆಸರು ಹೇಳದೆ ಅವಳಿಗಾಗಿ ಬೇಡಿಕೊಳ್ಳುತ್ತಾರೆ. ನಾನು ಹಿಂದಿನ ಬೆಂಚಿನಲ್ಲಿ ಕೂತು ನಮ್ಮ ಮನೆದೇವರಿಗೆ ಹೇಳಿಕೊಳ್ಳುತ್ತೇನೆ.

ನನ್ನ ವರ್ಕ್ ಪರ್ಮಿಟ್ಟು ಆಮೇಲೆ ಬಂತು. ಡೇಕೇರಿಗೆ ಹೋಗುತ್ತೇನೆ. ಶನಿವಾರ ಮಾತ್ರ ಯಾರಿಗೂ ಬಿಟ್ಟುಕೊಟ್ಟಿಲ್ಲ. ಈರುಳ್ಳಿ ಮುಂದೆ ಬರಿಗೈಯಲ್ಲಿ ಕೂರುತ್ತೇನೆ, ಚೀಲದಲ್ಲಿ ಪೆನ್ನು ಕೂಡ ಒಯ್ಯುವುದಿಲ್ಲ. ಆದರೆ ಮೇಷ್ಟ್ರ ಮಗಳ ತಲೆ. ಅವತ್ತು ಓದಿದ ಹೆಸರುಗಳೆಲ್ಲ ಅಲ್ಲಿ ಗೆರೆ ಹಾಕಿಕೊಂಡು ಕೂತಿವೆ. ಸಾಲು ಮುಂದೆ ಬಂದ ಹಾಗೆ ತುಟಿ ಅಲ್ಲಾಡಿಸದೆ ಒಂದರಿಂದ ಕರೆಯುತ್ತಾ ಹೋಗುತ್ತೇನೆ. ಕೆಲವರು ಬಂದಿರುತ್ತಾರೆ, ಕೆಲವರು ಬೇರೆ ಊರಿಗೆ ಹೋದರೆಂದು ಗೊತ್ತಾಗಿದೆ. ನಲವತ್ತಮೂರಕ್ಕೆ ಬಂದಾಗ ನಿಲ್ಲುತ್ತೇನೆ. ಮಗು ಬಾರದಿದ್ದರೆ ಅಪ್ಪ ಹೆಸರನ್ನು ಎರಡು ಸಲ ಕರೆದು, ಒಮ್ಮೆ ಬಾಗಿಲ ಕಡೆ ನೋಡಿ, ಆಮೇಲೆಯೇ ಗೈರುಹಾಜರಿಯ ಗುರುತು ಹಾಕುತ್ತಿದ್ದರು. ನಾನು ಎರಡು ಸಲ ಕರೆಯುತ್ತೇನೆ. ರಸ್ತೆಯ ಕಡೆ ನೋಡುತ್ತೇನೆ. ಗುರುತು ಇನ್ನೂ ಹಾಕಿಲ್ಲ.